ಅನಸ್ತೇಷಿಯಾ ಹೆಚ್ಚಾಯಿತೇ?

ಆಪರೇಷನ್ ನಡುವೆ ರೋಗಿಯ ಬಿ.ಪಿ. ದಿಢೀರನೆ ಕುಸಿದರೆ ಹೊರಗೆ ಕಾದವರು ಆಡುವ ಮಾತು ಸಾಮಾನ್ಯವಾಗಿ ಒಂದೇ: 'ಅನಸ್ತೇಷಿಯಾ ಜಾಸ್ತಿ ಕೊಟ್ಟುಬಿಟ್ಟರು.' ಎಷ್ಟೋ ಸಲ ಆಗಿರುವುದು ಬೇರೆಯೇ. ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿ ಔಷಧದ ಪ್ರಮಾಣ ಸರಿಯಾಗಿದ್ದಾಗಲೂ ಬರುತ್ತದೆ.

ನಿದ್ದೆ ಬರಿಸುವ ಔಷಧದ ಮೇಲೆ ತಪ್ಪು ಹೊರಿಸುವುದೂ ಸಾಮಾನ್ಯ. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಆಪರೇಷನ್ ವೇಳೆಯ ಅನಾಫಿಲ್ಯಾಕ್ಸಿಸ್ ಪ್ರಕರಣಗಳನ್ನು ಕಲೆಹಾಕಿ 2018ರಲ್ಲಿ ವರದಿ ಕೊಟ್ಟಿತು. 10,000 ಅರಿವಳಿಕೆಗೆ ಸುಮಾರು ಒಂದು ಪ್ರಕರಣ. ಕಾರಣ ಪತ್ತೆಯಾದವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೋಂಕು ತಡೆಯಲು ಕೊಟ್ಟ ಆಂಟಿಬಯಾಟಿಕ್‌ನಿಂದ, ಮೂರರಲ್ಲೊಂದು ಪಾಲು ಸ್ನಾಯು ಸಡಿಲಿಸುವ ಔಷಧದಿಂದ. ಚರ್ಮ ಶುದ್ಧಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಕೂಡ ಪಟ್ಟಿಯಲ್ಲಿತ್ತು. ನಿದ್ದೆ ಬರಿಸುವ ಪ್ರೊಪೋಫಾಲ್‌ನ ಪಾಲು ತೀರ ಚಿಕ್ಕದು. ಮೊಟ್ಟೆ ಅಲರ್ಜಿ ಇದ್ದವರಿಗೆ ಅದು ಆಗದು ಎಂಬ ಭಯವೂ ಬೇಡ. ಅವರಿಗೂ ಸಾಮಾನ್ಯವಾಗಿ ಕೊಡಬಹುದು.

'ಈ ಔಷಧ ಹಿಂದೆ ತಗೊಂಡೇ ಇಲ್ಲ, ಅಲರ್ಜಿ ಹೇಗೆ ಬಂತು?' ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಒಂದು ಉತ್ತರ ಸಿಕ್ಕಿದ್ದು ನಾರ್ವೆಯ ಕೆಮ್ಮಿನ ಸಿರಪ್‌ನಲ್ಲಿ. ಅದರಲ್ಲಿದ್ದ ಫಾಲ್ಕೊಡಿನ್ ಅಣುವಿನ ಒಂದು ಭಾಗ ಸ್ನಾಯು ಸಡಿಲಿಸುವ ಔಷಧಗಳನ್ನು ಹೋಲುತ್ತದೆ. ಸಿರಪ್ ಕುಡಿದ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳಬಹುದು. ಮುಂದೆಂದೋ ಆಪರೇಷನ್‌ಗೆ ಮಲಗಿದಾಗ ಆ ಪ್ರತಿಕಾಯಗಳೇ ಸ್ನಾಯು ಸಡಿಲಿಸುವ ಔಷಧದ ಮೇಲೆ ತಿರುಗಿ ಬೀಳಬಹುದು. ನಾರ್ವೆಯಲ್ಲಿ 2007ರಲ್ಲಿ ಆ ಸಿರಪ್ಪನ್ನು ಮಾರುಕಟ್ಟೆಯಿಂದ ತೆಗೆಯಲಾಯಿತು, ಬಳಿಕ ಇಂಥ ಪ್ರಕರಣಗಳ ವರದಿ ಇಳಿಯಿತು. ಯುರೋಪಿನ ಔಷಧ ನಿಯಂತ್ರಕರು ಫಾಲ್ಕೊಡಿನ್ ನಿಲ್ಲಿಸಲು ಹೇಳಿದ್ದು 2022ರ ಕೊನೆಗೆ. ಇಷ್ಟು ತಡವಾಗಬಾರದಿತ್ತು.

ಟೆಸ್ಟ್ ಡೋಸ್ ಮಾಡಿದರೆ ಅಪಾಯ ಕಳೆಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅದರಲ್ಲಿ ಏನೂ ಆಗದಿದ್ದರೂ ಪೂರ್ಣ ಡೋಸಿಗೆ ಅಲರ್ಜಿ ಬರಬಹುದು. ಅಲರ್ಜಿ ಇದ್ದವರಿಗೆ ಅನಾಫಿಲ್ಯಾಕ್ಸಿಸ್ ತರಲು ಆ ಚೂರು ಔಷಧವೇ ಸಾಕಾಗಬಹುದು. ಚರ್ಮದ ಮೇಲೆ ದದ್ದು ಎದ್ದರೆ ತಾನೇ ಅಲರ್ಜಿ ಎನ್ನುವವರಿದ್ದಾರೆ. ಆಪರೇಷನ್ ಥಿಯೇಟರಿನಲ್ಲಿ ಮೈಯೆಲ್ಲ ಬಟ್ಟೆಯಿಂದ ಮುಚ್ಚಿರುತ್ತದೆ. ಅನೇಕರಲ್ಲಿ ಮೊದಲ ಸುಳಿವು ಬಿ.ಪಿ. ಬೀಳುವುದೇ. ಆಗ ಜೀವ ಉಳಿಸುವುದು ಅಡ್ರಿನಲಿನ್ ಮತ್ತು ಧಾರಾಳವಾಗಿ ಹರಿಸುವ ಡ್ರಿಪ್. ಎವಿಲ್, ಸ್ಟೀರಾಯ್ಡ್‌ಗಳು ಅಡ್ರಿನಲಿನ್‌ನ ಜಾಗ ತುಂಬಲಾರವು.

ಪಾರಾದವರು ಇನ್ನೆಂದೂ ಆಪರೇಷನ್ ಮಾಡಿಸಿಕೊಳ್ಳಬಾರದು ಎಂಬುದೂ ಸುಳ್ಳು. ಘಟನೆಯಾದ ಕೆಲವೇ ಗಂಟೆಗಳಲ್ಲಿ ತೆಗೆದ ರಕ್ತದಲ್ಲಿ ಟ್ರಿಪ್ಟೇಸ್ ಎಂಬ ಕಿಣ್ವ ಏರಿತ್ತೇ ಎಂದು ನೋಡಬಹುದು. ಸುಮಾರು 4ರಿಂದ 6 ವಾರಗಳ ನಂತರ ಅಲರ್ಜಿ ತಜ್ಞರು ಚರ್ಮದ ಪರೀಕ್ಷೆ ಮಾಡಿ ಕಾರಣವಾದ ಔಷಧವನ್ನು ಹುಡುಕುತ್ತಾರೆ. ಅದಕ್ಕೆ ಅಂದು ಕೊಟ್ಟ ಪ್ರತಿಯೊಂದು ಔಷಧದ ಹೆಸರು, ಕೊಟ್ಟ ಹೊತ್ತು ಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ 'ಅನಸ್ತೇಷಿಯಾ ಅಲರ್ಜಿ' ಎಂದಿದ್ದರೆ, ಅನಸ್ತೇಷಿಯಾ ಚಾರ್ಟಿನ ಪ್ರತಿಯನ್ನು ಕೇಳಿ ಪಡೆಯಿರಿ.