ಮರ ಉಳಿಯಿತು, ನೀರು ಹೋಯಿತು

1911ರ ಜೂನ್ ತಿಂಗಳಲ್ಲಿ ಸ್ಪೇನ್ ಸರ್ಕಾರ ಕಾಯ್ದೆಯೊಂದನ್ನು ಮಾಡಿ, ಸಮುದ್ರದಂಚಿನ ಸರೋವರವೊಂದನ್ನೂ ಅದಕ್ಕೆ ಅಂಟಿಕೊಂಡ ಪೈನ್ ಕಾಡನ್ನೂ ವಲೆನ್ಸಿಯಾ ನಗರಸಭೆಗೆ ಬಿಟ್ಟುಕೊಟ್ಟಿತು. ಕ್ರಯಪತ್ರವಾದದ್ದು 1927ರಲ್ಲಿ. ನಗರ ತೆತ್ತ ಹಣ 10 ಲಕ್ಷ 72 ಸಾವಿರ ಪೆಸೆಟಾಗಳಿಗೂ ಹೆಚ್ಚು. ಕಾಯ್ದೆಯಲ್ಲಿ ಒಂದು ಷರತ್ತಿತ್ತು: ಕಾಡಿನ ಮರಗಳನ್ನೂ ಮರ ನಿಂತ ನೆಲವನ್ನೂ ನಗರಸಭೆ ಕಾಪಾಡಿಕೊಂಡು ಬರಬೇಕು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ನಗರಸಭೆ ಆ ಕಾಡನ್ನು ಸೈಟು ಮಾಡಿ ಮಾರಲು ಹೊರಟಿತು. ಅಲ್ಬುಫೇರಾ ಎಂಬ ಆ ಸರೋವರದ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿ.

ವಲೆನ್ಸಿಯಾದಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ದೂರದಲ್ಲಿದೆ ಈ ಸರೋವರ. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಅದರ ಪಕ್ಕಕ್ಕೆ ಉದ್ದಕ್ಕೂ ಮರಳದಿಬ್ಬ, ದಿಬ್ಬದ ಮೇಲೆ ಪೈನ್ ಕಾಡು. ಕಾಡಿನ ಆಚೆ ಸುಮಾರು ಆರು ಸಾವಿರ ಎಕರೆ ನೀರು, ಅದರ ಸುತ್ತ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ನೀರಿನ ಆಳ ಸರಾಸರಿ ಒಂದು ಮೀಟರ್, ಅಷ್ಟೇ. ಜೊಂಡು ಬೆಳೆದ ನಡುಗಡ್ಡೆಗಳಲ್ಲಿ ಬಕಗಳೂ ಬೆಳ್ಳಕ್ಕಿಗಳೂ ಗೂಡು ಕಟ್ಟುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬಾತುಗಳು ಇಳಿಯುತ್ತವೆ. ಅವುಗಳಲ್ಲಿ ಕೆಂಪು ಜುಟ್ಟಿನ ಬಾತೊಂದಿದೆ, ಸ್ಥಳೀಯರು ಅದನ್ನು ಸಿವೆರ್ಟ್ ಎನ್ನುತ್ತಾರೆ. ಈವರೆಗೆ ಇಲ್ಲಿ ಕಂಡ ಹಕ್ಕಿಗಳ ಪಟ್ಟಿ 300 ಜಾತಿಗಳನ್ನು ದಾಟಿದೆ.

ಹಳೆಯ ಕಾಲದ ಕಥೆ ಉದ್ದವಾದದ್ದು, ಅದರಲ್ಲಿ ಬಹುಪಾಲು ಒಡೆಯರು ಬದಲಾದ ಕಥೆ. 1238ರಲ್ಲಿ ಅರಬರಿಂದ ವಲೆನ್ಸಿಯಾವನ್ನು ಗೆದ್ದ ದೊರೆ ಒಂದನೇ ಜೌಮೆ ಸರೋವರವನ್ನು ತನಗೆಂದೇ ಇಟ್ಟುಕೊಂಡ. ಮೀನು ಹಿಡಿಯುವವರಿಗೆ ಹಕ್ಕು ಕೊಟ್ಟು, ಹಿಡಿದದ್ದರಲ್ಲಿ ಪಾಲು ತೆಗೆದುಕೊಂಡ. ಮುಂದಿನ ದೊರೆಗಳಿಗೆ ಅದು ಬೇಕಾದವರಿಗೆ ಬಳುವಳಿ ಕೊಡುವ ಆಸ್ತಿಯಾಯಿತು. 1812ರಲ್ಲಿ ನಗರವನ್ನು ಗೆದ್ದ ತನ್ನ ಸೇನಾನಿ ಸೂಶೆಗೆ ನೆಪೋಲಿಯನ್ ಕೊಟ್ಟ ಬಿರುದು ಅಲ್ಬುಫೇರಾದ ಡ್ಯೂಕ್ ಎಂದು. ಜೊತೆಗೆ ಸರೋವರವೂ ಹೋಯಿತು. ಫ್ರೆಂಚರು ಹೋದ ಮೇಲೆ ಅದು ಸ್ಪೇನಿನ ಅರಸರಿಗೆ ಮರಳಿ, 1865ರಲ್ಲಿ ಸರ್ಕಾರದ ಕೈಗೆ ಬಂತು.

ಒಡೆಯರ ಈ ಪಟ್ಟಿಗಿಂತ ದೊಡ್ಡ ಬದಲಾವಣೆಯನ್ನು ಮಾಡಿದವರು ಭತ್ತದ ರೈತರು. ಮೊದಲು ಇದು ಉಪ್ಪುನೀರಿನ ಹಿನ್ನೀರು, ಸಮುದ್ರದ ಮೀನು ಒಳಗೆ ಬಂದು ಹೋಗುತ್ತಿದ್ದ ಜಾಗ. ಹದಿನೆಂಟನೇ ಶತಮಾನದಲ್ಲಿ ಶೂಕೆರ್ ನದಿಯ ನಾಲೆಯನ್ನು ಮುಂದಕ್ಕೆ ಎಳೆದರು. ಗದ್ದೆಗಳಿಂದ ಬಸಿದ ಸಿಹಿನೀರು ವರ್ಷ ವರ್ಷವೂ ಸರೋವರಕ್ಕೆ ಸೇರಿತು, ಉಪ್ಪು ಕರಗಿಹೋಯಿತು. ಸಮುದ್ರಕ್ಕೆ ನೀರು ಬಿಡುವ ಬಾಯಿಗಳಿಗೆ ತೂಬಿನ ಬಾಗಿಲು ಕೂರಿಸಿದರು. ನೀರು ಏರಬೇಕೋ ಇಳಿಯಬೇಕೋ ಎಂಬುದನ್ನು ಭತ್ತದ ಬೇಸಾಯವೇ ನಿರ್ಧರಿಸುವ ಏರ್ಪಾಡು ಬೆಳೆಯಿತು. ದೋಣಿಯಲ್ಲಿ ಮಣ್ಣು ತಂದು ಸುರಿದು, ಬದು ಕಟ್ಟಿ, ಸರೋವರದ ಅಂಚನ್ನೇ ಗದ್ದೆ ಮಾಡಿಕೊಂಡ ಕುಟುಂಬಗಳೂ ಇದ್ದವು. ಆ ದುಡಿಮೆಯ ಕಷ್ಟ 1902ರ ಬ್ಲಾಸ್ಕೋ ಇಬಾನ್ಯೆಸ್‌ನ ಕಾದಂಬರಿ ‘ಕಾನ್ಯಾಸ್ ಇ ಬಾರ್ರೊ’ದಲ್ಲಿದೆ. ಹೀಗೆ ಸರೋವರ ಕುಗ್ಗಿತು. ಆದರೂ ಕೊಯ್ಲಾದ ಮೇಲೆ, ಚಳಿಗಾಲದಲ್ಲಿ ತೂಬು ಮುಚ್ಚಿ ಗದ್ದೆಗಳಿಗೆ ನೀರು ನಿಲ್ಲಿಸುವ ಪದ್ಧತಿ ಉಳಿಯಿತು. ಬಾತುಗಳು ಇಂದಿಗೂ ಬರುತ್ತಿರುವುದು ಈ ನಿಂತ ನೀರನ್ನು ನಂಬಿ. ಮನುಷ್ಯರನ್ನು ಹೊರಗಿಟ್ಟು ಈ ಹಕ್ಕಿಗಳನ್ನು ಕಾಪಾಡುತ್ತೇವೆ ಎನ್ನುವವರು ಮೊದಲು ಈ ಲೆಕ್ಕವನ್ನು ತಿಳಿಯಬೇಕು.

ಈಗ ಕಾಡಿನ ವಿಷಯ. 1960ರ ದಶಕದಲ್ಲಿ ಸ್ಪೇನಿನ ಕರಾವಳಿಗೆ ಉತ್ತರ ಯುರೋಪಿನ ಪ್ರವಾಸಿಗರು ಸಾಗರೋಪಾದಿಯಲ್ಲಿ ಬರತೊಡಗಿದ್ದರು. ಸರ್ವಾಧಿಕಾರಿ ಫ್ರಾಂಕೋನ ಸರ್ಕಾರಕ್ಕೆ ವಿದೇಶಿ ಹಣ ಬೇಕಿತ್ತು. ನಗರಸಭೆ ಎಲ್ ಸಲೇರ್ ಎಂಬ ಈ ಪೈನ್ ಕಾಡಿಗೆ ಯೋಜನೆ ಹಾಕಿತು: ಹೋಟೆಲುಗಳು, ಬಹುಮಹಡಿ ಮನೆಗಳು, ಗಾಲ್ಫ್ ಮೈದಾನ, ಕುದುರೆ ರೇಸು. ಬುಲ್ಡೋಜರುಗಳು ಸಮುದ್ರದ ಕಡೆಯ ಮೊದಲ ಸಾಲಿನ ಮರಳದಿಬ್ಬವನ್ನು ಸಪಾಟು ಮಾಡಿದವು. ದಿಬ್ಬವಿದ್ದ ಕಡೆ ಕಾಂಕ್ರೀಟಿನ ಕಾಲುದಾರಿ ಬಂತು, ಕಾಡಿನ ನಡುವೆ ರಸ್ತೆಗಳು ಬಂದವು, ವಿಹಾರಕ್ಕೆಂದು ಒಂದು ಕೊಳವನ್ನೂ ತೋಡಿದರು. ಉಪ್ಪುಗಾಳಿಯನ್ನು ತಡೆಯುತ್ತಿದ್ದ ದಿಬ್ಬ ಹೋದರೆ ಹಿಂದಿನ ಮರಗಳು ಸುಟ್ಟಂತೆ ಒಣಗುತ್ತವೆ ಎಂಬುದನ್ನು ಹೇಳಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ಹೇಳಿದವರ ಮಾತನ್ನು ಕೇಳುವವರಿರಲಿಲ್ಲ.

ಫ್ರಾಂಕೋನ ಕಾಲದಲ್ಲಿ ಸಭೆ ಸೇರುವುದು, ಪಕ್ಷ ಕಟ್ಟುವುದು ಅಪರಾಧ. ಹಾಗಿರುವಾಗ ಕಾಡಿಗಾಗಿ ಜಗಳ ಶುರುವಾದ ರೀತಿ ನನಗೆ ತುಂಬ ಪ್ರಿಯ. ದೇಶದ ಮನೆಮಾತಾಗಿದ್ದ ವನ್ಯಜೀವಿ ಕಾರ್ಯಕ್ರಮಗಳ ಫೆಲಿಕ್ಸ್ ರೊದ್ರಿಗೆಸ್ ದೆ ಲಾ ಫುಯೆಂತೆ ಎಲ್ ಸಲೇರಿಗಾಗಿ ದನಿಯೆತ್ತಿದ. ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞರು, ವಾಸ್ತುಶಿಲ್ಪಿಗಳು ಸೇರಿಕೊಂಡರು. 1974ರ ಹೊತ್ತಿಗೆ ಊರಿನ ಸಂಪ್ರದಾಯಸ್ಥ ಪತ್ರಿಕೆ ‘ಲಾಸ್ ಪ್ರೊವಿನ್ಸಿಯಾಸ್’ ಕೂಡ ಕಾಡಿನ ಪರ ನಿಂತಿತು. ಆಳುವವರ ಪರ ಇರಬೇಕಾದ ಪತ್ರಿಕೆಯೇ ತಿರುಗಿ ಬಿದ್ದ ಮೇಲೆ ಮಾತನ್ನು ಅಡಗಿಸುವುದು ಸುಲಭವಾಗಲಿಲ್ಲ. ‘ಎಲ್ ಸಲೇರ್ ಪೆರ್ ಅಲ್ ಪೋಬ್ಲೆ’ ಎಂಬ ಘೋಷಣೆ ಹುಟ್ಟಿತು: ಎಲ್ ಸಲೇರ್ ಜನರದ್ದಾಗಲಿ ಎಂದು. ಅದು ಮನೆಯ ಭಾಷೆಯಾದ ವಲೆನ್ಸಿಯನ್‌ನಲ್ಲಿತ್ತು; ಕಚೇರಿಯಲ್ಲಿ, ಶಾಲೆಯಲ್ಲಿ ದಶಕಗಳಿಂದ ಅದಕ್ಕೆ ಜಾಗವಿರಲಿಲ್ಲ. ಕಾಡಿನ ನೆಪದಲ್ಲಿ ಜನ ತಮ್ಮ ಊರು, ತಮ್ಮ ಭಾಷೆ, ತಮ್ಮ ಹಕ್ಕು ಎಲ್ಲವನ್ನೂ ಒಟ್ಟಿಗೆ ಕೇಳಿದರು. 1975ರಲ್ಲಿ ಫ್ರಾಂಕೋ ಸತ್ತ. 1979ರಲ್ಲಿ ಚುನಾಯಿತರಾಗಿ ಬಂದ ನಗರಸಭೆ ಯೋಜನೆಯನ್ನು ನಿಲ್ಲಿಸಿತು.

ಎದ್ದು ನಿಂತಿದ್ದ ಕಟ್ಟಡಗಳಲ್ಲಿ ಹಲವು ಇಂದಿಗೂ ಪೈನ್ ಮರಗಳ ಮೇಲೆ ತಲೆ ಎತ್ತಿಕೊಂಡಿವೆ. ಕಾಲುದಾರಿಯನ್ನು ಒಡೆದು ತೆಗೆದರು. ಮರಳನ್ನು ತಂದು ಒಟ್ಟಿ, ಗಾಳಿಗೆ ಹಾರದಂತೆ ಅಡ್ಡತಟ್ಟಿ ನೆಟ್ಟು, ನರ್ಸರಿಯಲ್ಲಿ ಬೆಳೆಸಿದ ಮರಳುಹುಲ್ಲನ್ನು ಕೈಯಾರೆ ಊರಿ, ದಿಬ್ಬವನ್ನು ಮತ್ತೆ ಕಟ್ಟಿದರು. ಬೇಗನೆ ಕೆಡವಿದ್ದನ್ನು ಮತ್ತೆ ಕಟ್ಟಲು ದಶಕಗಳು ಹಿಡಿದವು. 1986ರಲ್ಲಿ ಕಾಡು, ಸರೋವರ, ಗದ್ದೆ ಎಲ್ಲ ಸೇರಿ ಸುಮಾರು 21 ಸಾವಿರ ಹೆಕ್ಟೇರ್ ನೈಸರ್ಗಿಕ ಉದ್ಯಾನವಾಯಿತು. 1989ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆದರೆ 1911ರ ಷರತ್ತಿನಲ್ಲಿದ್ದದ್ದು ಮರ ಮತ್ತು ನೆಲ. 1974ರ ಘೋಷಣೆಯಲ್ಲಿದ್ದದ್ದೂ ಕಾಡು. ಎಲ್ಲರ ಕಣ್ಣು ಪೈನ್ ಮರಗಳ ಮೇಲಿದ್ದಾಗ ಸರೋವರ ಸತ್ತಿತು. ಪಡುವಣದ ಊರುಗಳು ಕಾರ್ಖಾನೆಯ ಊರುಗಳಾಗಿ, ಅವುಗಳ ಚರಂಡಿ, ರಾಸಾಯನಿಕ, ಗದ್ದೆಯ ಗೊಬ್ಬರ ಎಲ್ಲವೂ ನಾಲೆಗಳಲ್ಲಿ ಹರಿದು ಬಂದವು. 1970ರ ದಶಕದ ಆರಂಭದಲ್ಲಿ ತಳದ ಜಲಸಸ್ಯಗಳ ಹಾಸು ಕೆಲವೇ ವರ್ಷಗಳಲ್ಲಿ ಅಳಿದುಹೋಯಿತು. ತಳ ಕಾಣುತ್ತಿದ್ದ ನೀರು ಪಾಚಿ ತುಂಬಿ ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿತು. ಅಂದಿನಿಂದ ಅದು ತಿಳಿಯಾಗಿ ಬಹುಕಾಲ ನಿಂತದ್ದೇ ಇಲ್ಲ. ಸಮಾರುಕ್ ಎಂಬ ಬೆರಳುದ್ದದ ಮೀನು ಸ್ಪೇನಿನ ಪೂರ್ವ ಕರಾವಳಿಯ ಸಿಹಿನೀರಿನದು. ಅದು ಈಗ ಬುಗ್ಗೆ, ಕಾಲುವೆಗಳ ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಉಸಿರು ಹಿಡಿದುಕೊಂಡಿದೆ. ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ದದ್ದು ಸೊಳ್ಳೆಮರಿ ತಿನ್ನಲೆಂದು ತಂದು ಬಿಟ್ಟ ಗ್ಯಾಂಬೂಸಿಯಾದಿಂದ. ನಮ್ಮ ಊರುಗಳ ಬಾವಿ, ಕೆರೆಗಳಿಗೂ ಮಲೇರಿಯಾ ತಡೆಯಲೆಂದು ಬಿಟ್ಟದ್ದು ಇದೇ ಕುಲದ ಮೀನನ್ನು. ಎಲ್ ಪಾಲ್ಮಾರ್ ಹಳ್ಳಿಯ ಸಾಕಣೆ ಕೇಂದ್ರದಲ್ಲಿ ಸಮಾರುಕ್ ಮರಿ ಮಾಡಿಸಿ ಹೊರಗೆ ಬಿಡುತ್ತಾರೆ.

ಎಲ್ ಪಾಲ್ಮಾರ್ ಎಂದಾಗ ಅಲ್ಲಿಯ ಹೆಂಗಸರನ್ನು ನೆನೆಯದೆ ಮುಂದೆ ಹೋಗಲಾರೆ. ಈ ಹಳ್ಳಿಯ ಬೆಸ್ತರು ಸರೋವರದಲ್ಲಿ ಬಲೆ ಹಾಕುವ ಜಾಗಗಳನ್ನು ಪ್ರತಿವರ್ಷ ಚೀಟಿ ಎತ್ತಿ ಹಂಚಿಕೊಳ್ಳುತ್ತಾರೆ. ಆ ಹಕ್ಕು ಅಪ್ಪನಿಂದ ಮಗನಿಗೆ ಹೋಗುತ್ತಿತ್ತು, ಮಗಳಿಗೆ ಇಲ್ಲ. 1990ರ ದಶಕದಲ್ಲಿ ಕೆಲವು ಹೆಣ್ಣುಮಕ್ಕಳು ಕೋರ್ಟಿಗೆ ಹೋದರು. ಊರು ಎರಡಾಯಿತು, ಮನೆಗಳೂ ಎರಡಾದವು. 2001ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಜನರದ್ದಾಗಲಿ ಎಂದು ಬೀದಿಯಲ್ಲಿ ಕೂಗಿ ಕಾಲು ಶತಮಾನವಾದ ಮೇಲೆ, ಆ ಜನರಲ್ಲಿ ತಾವೂ ಸೇರಿದ್ದೇವೆ ಎಂಬುದನ್ನು ಈ ಹೆಂಗಸರು ಕಾನೂನಿನ ಬಾಯಿಂದ ಹೇಳಿಸಬೇಕಾಯಿತು.

2024ರ ಅಕ್ಟೋಬರ್ 29ರಂದು ವಲೆನ್ಸಿಯಾದ ಮೇಲೆ ಭೀಕರ ಮಳೆ ಸುರಿದಾಗ, ಪೋಯೊ ಹಳ್ಳದ ಪ್ರವಾಹ ಊರುಗಳನ್ನು ಕೊಚ್ಚಿಕೊಂಡು ಬಂದು ಸೇರಿದ್ದು ಇದೇ ಸರೋವರಕ್ಕೆ. ಕೆಸರು, ಪ್ಲಾಸ್ಟಿಕ್, ಮನೆಸಾಮಾನು, ರಾಸಾಯನಿಕ ಎಲ್ಲ ಬಂದು ತಂಗಿದವು. ಕಾಣೆಯಾದವರಿಗಾಗಿ ದೋಣಿಗಳಲ್ಲಿ ಜೊಂಡಿನ ನಡುವೆ ಹುಡುಕಿದರು.

ಪ್ರವಾಹದ ನೀರು ಹೀಗೆ ಬಂದರೂ, ಉಳಿದ ದಿನಗಳಲ್ಲಿ ಸರೋವರಕ್ಕೆ ಬೇಕಾದ ಒಳ್ಳೆಯ ನೀರು ಕಡಿಮೆಯಾಗುತ್ತಿದೆ. ಶೂಕೆರ್ ನಾಲೆಯ ರೈತರು ಹನಿ ನೀರಾವರಿಗೆ ಹೊರಳುತ್ತಿದ್ದಾರೆ. ನೀರು ಉಳಿಸುವ ಒಳ್ಳೆಯ ಕೆಲಸವೇ ಅದು. ಆದರೆ ಗದ್ದೆಯಿಂದ, ತೋಟದಿಂದ ಬಸಿದು ಬರುತ್ತಿದ್ದ ನೀರೇ ಇನ್ನೂರು ವರ್ಷ ಸರೋವರವನ್ನು ಸಿಹಿಯಾಗಿ ಇಟ್ಟದ್ದು. ಬಸಿಯುವುದು ನಿಂತರೆ ನದಿಯಿಂದಲೇ ಶುದ್ಧ ನೀರನ್ನು ಸರೋವರದ ಹೆಸರಿಗೆ ತೆಗೆದಿಡಬೇಕು. ಪಕ್ಷಿತಜ್ಞರೂ ಬೆಸ್ತರೂ ಅದನ್ನು ಕೇಳುತ್ತಲೇ ಇದ್ದಾರೆ. ಕೊಯ್ಲಾದ ಮೇಲೆ ಭತ್ತದ ಹುಲ್ಲಿನ ಜಗಳ ಬೇರೆ ಇದೆ. ಸುಟ್ಟರೆ ಹೊಗೆ ಊರುಗಳಿಗೆ ಕವಿಯುತ್ತದೆ. ಸುಡದೆ ಬಿಟ್ಟರೆ ನಿಂತ ನೀರಿನಲ್ಲಿ ಕೊಳೆತು ಆಮ್ಲಜನಕವನ್ನು ತಿಂದು ಮೀನನ್ನು ಕೊಲ್ಲುತ್ತದೆ. ಕಟ್ಟಿ ಹೊರಗೆ ಸಾಗಿಸೋಣವೆಂದರೆ ಕೆಸರುಗದ್ದೆಗೆ ಯಂತ್ರ ಇಳಿಸುವ ಖರ್ಚು ಯಾರದು ಎಂದು ರೈತರು ಕೇಳುತ್ತಾರೆ. ನಗರ ಸರೋವರವನ್ನು ಕೊಂಡದ್ದು ನಿಜವಾದರೆ, ಆ ಖರ್ಚೂ ನಗರದ್ದೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.