ದಾರಿತಪ್ಪಿದ ಫೆರೆಟ್: ಆರೈಕೆ ಮತ್ತು ಒಡೆಯನ ಶೋಧ

ಫೆರೆಟ್ ಎಂಬ ಪ್ರಾಣಿಯ ಹೆಸರು ನಮ್ಮ ನಾಡಿನಲ್ಲಿ ಬಳಕೆಯಲ್ಲಿಲ್ಲ. ಮೊದಲ ಸಲ ಕಂಡವರು ಅದನ್ನು ಮುಂಗುಸಿಯೆಂದೇ ಭ್ರಮಿಸುತ್ತಾರೆ. ನೀಳವಾದ ಮೈ, ಗಿಡ್ಡ ಕಾಲು, ಚೂಪಾದ ಮೂತಿ. ಹೋಲಿಕೆ ಅಷ್ಟಕ್ಕೇ ಮುಗಿಯಿತು. ವಂಶದಿಂದ ಅದು ನಮ್ಮ ಕಾವೇರಿ, ತುಂಗಭದ್ರೆಗಳ ನೀರುನಾಯಿಗೆ ದಾಯಾದಿ. ಯೂರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿದ್ದರಿಂದ ಫೆರೆಟ್ ಹುಟ್ಟಿತೆಂದು ತಜ್ಞರ ಮತ. ಮೊಲದ ಬಿಲಗಳೊಳಕ್ಕೆ ಇಂಥದೊಂದು ಪ್ರಾಣಿಯನ್ನು ಬಾಯಿಕಟ್ಟಿ ಬಿಡುತ್ತಿದ್ದ ಸಂಗತಿಯನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಇಂದು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬಹಳ ಮಂದಿ ಅದನ್ನು ಮನೆಯೊಳಗೆ ಬೆಕ್ಕಿನಂತೆ ಸಾಕುತ್ತಾರೆ. ಮಕ್ಕಳು ಮೊಮ್ಮಕ್ಕಳು ಅತ್ತ ನೆಲೆಸಿರುವ ಕುಟುಂಬಗಳು ನಮ್ಮಲ್ಲಿ ಅನೇಕ. ಅವರ ಹಿತ್ತಿಲಿನಲ್ಲಿ ಇಂಥ ಪ್ರಾಣಿಯೊಂದು ಕಾಣಿಸಿಕೊಂಡರೆ ಮಾಡಬೇಕಾದುದೇನೆಂಬುದನ್ನು ತಿಳಿದಿರುವುದು ಒಳ್ಳೆಯದು.

ಕಾಡುಪ್ರಾಣಿಯಾದರೆ ತನ್ನ ದಾರಿ ತಾನು ನೋಡಿಕೊಂಡೀತು ಎಂದು ಓಡಿಸಿಬಿಡುವವರೇ ಹೆಚ್ಚು. ಫೆರೆಟ್ಟಿಗೆ ಅದು ಮರಣಶಾಸನವಾಗಬಲ್ಲುದು. ಬಟ್ಟಲಿನಲ್ಲಿ ಆಹಾರ ಕಂಡು ಬೆಳೆದ ಜೀವ ಹೊರಗೆ ತನ್ನ ಹೊಟ್ಟೆ ತಾನು ಹೊರೆಯಲಾರದು. ಅದರ ಕರುಳು ಬಹು ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುವುದರಿಂದ ದೀರ್ಘ ಉಪವಾಸ ಅದಕ್ಕೆ ಆಗದು. ಸಾಕಿದ್ದೋ ಕಾಡಿನದೋ ಎಂಬುದನ್ನು ಬಣ್ಣದಿಂದ ತೀರ್ಮಾನಿಸುವುದು ಕಷ್ಟ. ಬಿಳಿ ಮೈ, ಕೆಂಪು ಕಣ್ಣಿನದಾದರೆ ಅದು ಸಾಕಿದ್ದೆಂದು ಬಹುಮಟ್ಟಿಗೆ ನಿಶ್ಚಯ. ಮುಖದ ಮೇಲೆ ಕಪ್ಪು ಮುಖವಾಡ ತೊಟ್ಟಂಥ ಕಂದು ಫೆರೆಟ್ಟಿಗೂ ಬ್ರಿಟನ್ನಿನ ಕಾಡು ಪೋಲ್‌ಕ್ಯಾಟಿಗೂ ವ್ಯತ್ಯಾಸ ಅಲ್ಪ. ನಡತೆಯೇ ಇಲ್ಲಿ ಗುರುತು. ಪೋಲ್‌ಕ್ಯಾಟ್ ಮನುಷ್ಯನನ್ನು ಕಂಡೊಡನೆ ಕಣ್ಮರೆಯಾಗುತ್ತದೆ. ಫೆರೆಟ್ ಕಾಲ ಬಳಿಗೇ ಬಂದು ಮೂಸುತ್ತದೆ.

ಹಿಡಿಯುವಾಗ ಅವಸರ ಕೂಡದು. ಚಿಕ್ಕ ಮಕ್ಕಳ ಚೀಂಯ್‌ಗುಟ್ಟುವ ರಬ್ಬರ್ ಗೊಂಬೆಯ ಸದ್ದು ಅನೇಕ ಫೆರೆಟ್ಟುಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ದಪ್ಪ ಟವೆಲನ್ನು ಮೇಲೆ ಹೊದಿಸಿ, ಒಂದು ಕೈ ಮುಂಗಾಲುಗಳ ಹಿಂದೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಎತ್ತಬೇಕು. ಗಾಳಿಯಾಡುವ, ಭದ್ರವಾದ ಮುಚ್ಚಳವುಳ್ಳ ಪೆಟ್ಟಿಗೆ ಬೇಕು. ತಲೆ ತೂರಿದ ಕಿಂಡಿಯಲ್ಲಿ ಅದರ ಮೈಯೂ ತೂರಿಹೋಗುತ್ತದೆಂಬುದು ನೆನಪಿರಲಿ. ಮೊದಲು ನೀರು, ಅನಂತರ ಆಹಾರ. ಅದು ಶುದ್ಧ ಮಾಂಸಾಹಾರಿ. ಸಸ್ಯಾಹಾರಿಗಳ ಮನೆಯಲ್ಲಿ ಕರುಣೆಯಿಂದ ಬಡಿಸಿದ ಮೊಸರನ್ನ, ಹಾಲು, ಬ್ರೆಡ್ಡುಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಮರಿಗಳ ಆಹಾರ ತಂದರೆ ಸದ್ಯಕ್ಕೆ ಸಾಕು. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. 30 ಡಿಗ್ರಿ ಸೆಲ್ಸಿಯಸ್ ದಾಟಿದ ಸೆಕೆಯಲ್ಲಿ ಪ್ರಾಣಾಪಾಯವಿದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನೆರಳಿಗೆ ತಂದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮಂಜುಗಡ್ಡೆ ಬೇಡ.

ಮನೆಯಲ್ಲಿ ಯಾರಿಗಾದರೂ ಫ್ಲೂ ಜ್ವರವಿದ್ದರೆ ಅವರು ಫೆರೆಟ್ಟಿನಿಂದ ದೂರವಿರಬೇಕು. ಇದರ ಹಿಂದೆ ವೈದ್ಯಶಾಸ್ತ್ರದ ಒಂದು ಸ್ವಾರಸ್ಯಕರ ಅಧ್ಯಾಯವೇ ಇದೆ. 1920ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ನಾಯಿಗಳ ಡಿಸ್ಟೆಂಪರ್ ರೋಗದ ಸಂಶೋಧನೆಗಾಗಿ ಫೆರೆಟ್ಟುಗಳನ್ನು ಬಳಸುತ್ತಿದ್ದರು. 1933ರಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಫ್ಲೂ ರೋಗಿಗಳ ಗಂಟಲು ತೊಳೆದ ದ್ರವವನ್ನು ಫೆರೆಟ್ಟುಗಳ ಮೂಗಿಗೆ ಹಾಕಿದಾಗ ಅವುಗಳಿಗೂ ಜ್ವರ, ಸೀನು ಬಂದವು. ಮನುಷ್ಯನ ಇನ್‌ಫ್ಲುಯೆಂಜ ವೈರಸ್ಸು ಹೀಗೆ ಮೊದಲ ಬಾರಿಗೆ ಕೈಗೆ ಸಿಕ್ಕಿತು. 1936ರಲ್ಲಿ ರೋಗಪೀಡಿತ ಫೆರೆಟ್ಟೊಂದು ಚಾರ್ಲ್ಸ್ ಸ್ಟುವರ್ಟ್-ಹ್ಯಾರಿಸ್ ಎಂಬ ವೈದ್ಯರ ಮುಖಕ್ಕೇ ಸೀನಿ, ಅವರು ಜ್ವರದಿಂದ ಮಲಗಿದರು. ಈ ರೋಗದ ಲಸಿಕೆಗಳ ಸಂಶೋಧನೆಯಲ್ಲಿ ಇಂದಿಗೂ ಫೆರೆಟ್ಟಿನ ಪಾತ್ರ ದೊಡ್ಡದು. ಮನುಕುಲ ಈ ಪುಟ್ಟ ಜೀವಿಗೆ ಋಣಿಯೆಂದರೆ ಅತಿಶಯೋಕ್ತಿಯಾಗದು.

ಡಿಸ್ಟೆಂಪರ್ ಅಂತೂ ಲಸಿಕೆಯಿಲ್ಲದ ಫೆರೆಟ್ಟಿಗೆ ಬಹುಮಟ್ಟಿಗೆ ಮೃತ್ಯುವೇ. ಆದ್ದರಿಂದ ಮನೆಯ ನಾಯಿಯೊಡನೆ ಅದನ್ನು ಬೆರೆಸದೆ ಸುಮಾರು ಎರಡು ವಾರ ಬೇರೆಯಾಗಿಡುವುದು ಕ್ಷೇಮ. ಹೆಣ್ಣಾದರೆ ಮತ್ತೊಂದು ಭಯವಿದೆ. ಶಸ್ತ್ರಕ್ರಿಯೆಯಾಗದ ಹೆಣ್ಣು ಬೆದೆಗೆ ಬಂದು ಗಂಡು ಕೂಡದಿದ್ದರೆ ಬೆದೆ ವಾರಗಟ್ಟಲೆ ಮುಂದುವರಿದು, ಅಸ್ಥಿಮಜ್ಜೆ ಕುಗ್ಗಿ, ರಕ್ತಹೀನತೆಯಿಂದ ಸಾಯಬಹುದು. ವಸಂತಕಾಲದಲ್ಲಿ ಸಿಕ್ಕ ಹೆಣ್ಣನ್ನು ವೈದ್ಯರಿಗೆ ತೋರಿಸಲೇಬೇಕು.

ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಅಮೆರಿಕದಲ್ಲಿ ಆರೋಗ್ಯವಾಗಿ ಕಾಣುವ ಫೆರೆಟ್ ಕಚ್ಚಿದಾಗ ಅದನ್ನು ನಾಯಿ ಬೆಕ್ಕುಗಳಂತೆಯೇ 10 ದಿನ ಪ್ರತ್ಯೇಕವಾಗಿಟ್ಟು ಗಮನಿಸುತ್ತಾರೆ. ಮುಂಬಯಿ, ಪುಣೆಗಳ ಕಾಲೊನಿಗಳಲ್ಲಿ ಕಾಣುವ ಮುಂಗುಸಿಯ ವಿಷಯವೇ ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟ ಪ್ರಾಣಿ, ಹಿಡಿದು ಸಾಕುವಂತಿಲ್ಲ. ಅದರಿಂದ ರೇಬಿಸ್ ತಗಲುವ ಸಂಭವವೂ ಇರುವುದರಿಂದ ಕಚ್ಚಿಸಿಕೊಂಡವರು ಅಂದೇ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಒಡೆಯನ ಶೋಧ. ಫೆರೆಟ್ ತಪ್ಪಿಸಿಕೊಂಡ ಮನೆ ಸಾಮಾನ್ಯವಾಗಿ ಬಹುದೂರವಿರುವುದಿಲ್ಲ. ಆದಕಾರಣ ಅಕ್ಕಪಕ್ಕದ ಮನೆಗಳ ಬಾಗಿಲು ತಟ್ಟುವುದೇ ಮೊದಲ ಕೆಲಸ. ಎರಡನೆಯದು ಪಶುವೈದ್ಯರ ಭೇಟಿ. ಭುಜಗಳ ನಡುವೆ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇದ್ದರೆ ಯಂತ್ರ ಅದರ 15 ಅಂಕಿಗಳ ಸಂಖ್ಯೆಯನ್ನು ಓದುತ್ತದೆ. ಚಿಪ್ಪಿನಲ್ಲಿ ವಿಳಾಸವಿರುವುದಿಲ್ಲ, ಸಂಖ್ಯೆಯನ್ನು ನೋಂದಣಿ ಸಂಸ್ಥೆಯಲ್ಲಿ ವಿಚಾರಿಸಬೇಕು. ಒಡೆಯ ಮನೆ ಬದಲಿಸಿದಾಗ ಹೊಸ ವಿಳಾಸ ಕೊಡದಿದ್ದರೆ ಇಷ್ಟೆಲ್ಲ ವ್ಯವಸ್ಥೆಯೂ ವ್ಯರ್ಥ. ಅಮೆರಿಕದ ಕೆಲವು ಫೆರೆಟ್ಟುಗಳ ಕಿವಿಯಲ್ಲಿ ಎರಡು ಚುಕ್ಕೆಗಳ ಹಚ್ಚೆಯಿರುತ್ತದೆ. ಅದು ಒಡೆಯನ ಗುರುತಲ್ಲ. ಸಂತಾನಹರಣ ಮತ್ತು ವಾಸನೆಯ ಗ್ರಂಥಿ ತೆಗೆದದ್ದರ ಸೂಚನೆಯಷ್ಟೆ.

ಪ್ರಕಟಣೆ ಹಚ್ಚುವಾಗ ಎಲ್ಲ ವಿವರಗಳನ್ನೂ ಬರೆಯಬಾರದು. ಗಂಡೋ ಹೆಣ್ಣೋ, ಎಲ್ಲಿ ಮಚ್ಚೆಯಿದೆ ಎಂಬುದನ್ನು ಬಚ್ಚಿಟ್ಟು, ಕೇಳಿಕೊಂಡು ಬಂದವರಿಂದಲೇ ಹೇಳಿಸಬೇಕು. ಹಳೆಯ ಭಾವಚಿತ್ರ, ವೈದ್ಯರ ರಸೀತಿಗಳನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ನಿಜವಾದ ಒಡೆಯ ಅದಕ್ಕೆ ಬೇಸರಿಸುವುದಿಲ್ಲ. ಪ್ರಾಣಿ ತೋಳಿಗೆ ಹಾರಿತೆಂಬುದನ್ನು ಸಾಕ್ಷ್ಯವೆಂದು ನಂಬಲಾಗದು, ಫೆರೆಟ್ ಯಾರ ತೋಳಿಗಾದರೂ ಹಾರುತ್ತದೆ. ಕ್ಯಾಲಿಫೋರ್ನಿಯ, ಹವಾಯಿ ರಾಜ್ಯಗಳಲ್ಲಿ ಹಾಗೂ ನ್ಯೂಯಾರ್ಕ್ ನಗರದಲ್ಲಿ ಫೆರೆಟ್ ಸಾಕಣೆಗೆ ನಿಷೇಧವಿದೆ. ಅಲ್ಲಿ ಕಳೆದುಕೊಂಡವರು ಬಹಿರಂಗವಾಗಿ ಹುಡುಕಲು ಹೆದರುತ್ತಾರೆ. ಸಿಕ್ಕವರು ಮರುಕದಿಂದ ಮನೆಯಲ್ಲಿಟ್ಟುಕೊಂಡರೆ ತಾವೇ ಕಾನೂನಿನ ತೊಡಕಿಗೆ ಸಿಲುಕಿಯಾರು. ಅಂಥ ಊರುಗಳಲ್ಲಿ ಸ್ಥಳೀಯ ಅಧಿಕಾರಿಗಳಿಗೆ ಅಂದೇ ತಿಳಿಸಿ, ನಿಷೇಧವಿಲ್ಲದ ಕಡೆಗೆ ಅದನ್ನು ಕಳುಹಿಸುವ ಏರ್ಪಾಡು ಇದೆಯೇ ಎಂದು ವಿಚಾರಿಸುವುದು ಲೇಸು.