ನಟ್ಟನಡುವಿನ ಊರು

ಗದಗಿನ ಬಸ್ ನಿಲ್ದಾಣದಲ್ಲಿ ನಿಂತು, ‘ಮುಂಡರಗಿ ಎಷ್ಟು ದೂರ?’ ಎಂದು ಕೇಳಿ ನೋಡಿ. ‘ಒಂದು ತಾಸಿನ ಹಾದಿರೀ’ ಎಂಬ ಉತ್ತರ ಬರುತ್ತದೆ. ನಮ್ಮ ಜನ ದೂರವನ್ನು ಹೊತ್ತಿನಿಂದ ಅಳೆಯುವವರು. ವಿಮಾನಯಾನದವರ ಅಳತೆಯೂ ಹೊತ್ತಿನದೇ. ಆದರೂ ಈ ಎರಡು ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ.

ಗದಗ ಜಿಲ್ಲೆಯ ಪಡುವಲಿಗೆ ಹುಬ್ಬಳ್ಳಿಯ ವಿಮಾನ ನಿಲ್ದಾಣವಿದೆ. ಮೂಡಲಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, ವಿದ್ಯಾನಗರದ ನಿಲ್ದಾಣವಿದೆ. ಭೂಪಟದ ಮೇಲೆ ಇವೆರಡನ್ನೂ ಒಂದು ಗೆರೆಯಿಂದ ಕೂಡಿಸಿದರೆ ಸುಮಾರು ೧೬೮ ಕಿಲೋಮೀಟರು. ವೈಮಾನಿಕರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು ೯೦. ಈ ಗೆರೆಯ ಮೇಲೆ ವಿಮಾನವೊಂದು ನೇರವಾಗಿ ಹಾರಿತೆಂದು ಭಾವಿಸೋಣ. ಕಿರುದೂರದ ಮಾರ್ಗಗಳಲ್ಲಿ ಓಡಾಡುವ ಎ.ಟಿ.ಆರ್. ವಿಮಾನವು ಎತ್ತರಕ್ಕೇರಿದ ಮೇಲೆ ಗಂಟೆಗೆ ೫೦೦ ಕಿಲೋಮೀಟರಿನಷ್ಟು ಸಾಗಬಲ್ಲದು. ಭಾಗಿಸಿದರೆ ಇಪ್ಪತ್ತೇ ನಿಮಿಷ! ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗವಿರುವುದಿಲ್ಲ. ಗಾಳಿಗೆ ಎದುರಾಗಿ ಇಳಿಯಲು ಒಮ್ಮೊಮ್ಮೆ ಸುತ್ತಿ ಬರಬೇಕು. ಎಲ್ಲ ಸೇರಿ ಮುಕ್ಕಾಲು ಗಂಟೆ ಎನ್ನಬಹುದು. ಹಾದಿ ಕಿರಿದಾದಷ್ಟೂ ವೇಗದ ಲಾಭ ಕಡಿಮೆ.

ಆ ವಿಮಾನದ ಕಿಟಕಿಯಿಂದ ಕಾಣುವುದೇನು? ಎಡಕ್ಕೆ ಕುಮಾರವ್ಯಾಸನ ಗದುಗು, ಅದಕ್ಕಂಟಿದ ಬೆಟಗೇರಿ. ಬಲಕ್ಕೆ ಹಿಂದೆ ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರ, ಫಕೀರೇಶ್ವರ ಮಠದ ಶಿರಹಟ್ಟಿ. ಕೆಳಗೆ ಕಪ್ಪತಗುಡ್ಡದ ಸಾಲು. ಅದನ್ನು ದಾಟಿದೊಡನೆ, ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಭೀಮರಾಯನ ಮುಂಡರಗಿ. ಈ ನಾಲ್ಕೂ ಊರುಗಳು ಹತ್ತು ನಿಮಿಷದೊಳಗೆ ಹಿಂದೆ ಸರಿಯುತ್ತವೆ. ಗೆರೆಯ ಅರ್ಧಕ್ಕೆ ಸರಿಯಾಗಿ, ಐದಾರು ಕಿಲೋಮೀಟರು ತೆಂಕಲಿಗೆ ಇರುವ ಊರು ಮುಂಡರಗಿಯೇ. ಎರಡು ವಿಮಾನ ನಿಲ್ದಾಣಗಳ ನಟ್ಟನಡುವಿನ ಊರು. ಎಂದರೆ ಎರಡರಿಂದಲೂ ಸಮನಾಗಿ ದೂರವಾದ ಊರು! ಯಾವ ಕಡೆಗೆ ಹೊರಟರೂ ರಸ್ತೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸು.

ಈ ಲೆಕ್ಕ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಮುಂಡರಗಿಯಲ್ಲಿದ್ದ ನನ್ನ ಸೋದರತ್ತೆಗೆ ಕಾಯಿಲೆ ಉಲ್ಬಣಿಸಿತೆಂಬ ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿಯ ರೈಲು ತಡವಾದೀತೆಂದು ಬೆಳಗಿನ ವಿಮಾನವನ್ನು ಹಿಡಿದೆ. ಹುಬ್ಬಳ್ಳಿಗೆ ಗಂಟೆಯ ಹಾರಾಟ, ಹೊತ್ತಿಗೆ ಸರಿಯಾಗಿ ಇಳಿಯಿತು. ಅಲ್ಲಿಂದ ಪೇಟೆಯ ನಿಲ್ದಾಣ, ಗದಗಿನ ಬಸ್ಸು, ಅಲ್ಲಿ ಕಾಯುವಿಕೆ, ಮತ್ತೊಂದು ಬಸ್ಸು. ನಾಲ್ಕು ತಾಸು ಕಳೆದು ಮನೆ ಮುಟ್ಟಿದಾಗ ಅತ್ತೆಯ ತಲೆಯ ಬಳಿ ದೀಪ ಹಚ್ಚಿದ್ದರು. ನೆರೆಮನೆಯ ಮುದುಕಿಯೊಬ್ಬಳು, ‘ಇಮಾನದಾಗ ಬಂದ್ರೂ ಇಷ್ಟು ತಡಾ ಆತೇನೊ ತಮ್ಮಾ?’ ಎಂದಳು. ಅದರಲ್ಲಿ ಆಕ್ಷೇಪವಿರಲಿಲ್ಲ, ಅಚ್ಚರಿಯಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

೨೦೧೭ರಲ್ಲಿ ಉಡಾನ್ ಯೋಜನೆಯ ಹಾರಾಟಗಳು ಆರಂಭವಾದಂದಿನಿಂದ ಊರೂರಿಗೂ ವಿಮಾನ ಬೇಕೆಂಬ ಆಸೆ ಬೆಳೆದಿದೆ. ಆಸೆ ತಪ್ಪಲ್ಲ. ಆದರೆ ವಿಮಾನ ಇಳಿಯುವ ಹೊತ್ತಿಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳತ್ತ ಹೊರಡುವ ಬಸ್ಸೊಂದು ಬಾಗಿಲಲ್ಲಿ ನಿಂತಿದ್ದರೆ, ಹೊಸ ನಿಲ್ದಾಣ ಕಟ್ಟದೆಯೂ ಈ ಊರುಗಳು ಒಂದು ತಾಸು ಹತ್ತಿರವಾದಾವು. ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯುವ ಹೊತ್ತನ್ನು ವೇಳಾಪಟ್ಟಿ ಹೇಳುತ್ತದೆ. ಹೊಸ್ತಿಲಿನಿಂದ ಹೊಸ್ತಿಲಿಗೆ ಹಿಡಿಯುವ ಹೊತ್ತೇ ನಮ್ಮ ಪಾಲಿನ ದೂರ.